ಸಂಬಳದಾಳಿನ ವಂಶಾವಳಿ

ನಮ್ಮ ಮನೆತನದ ಇತಿಹಾಸವೆಂದು ನಾನೊಂದು ಪುಸ್ತಕ ಬರೆದು ಅಚ್ಚು ಹಾಕಿಸಿದ್ದೇನೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳಲ್ಲಿ ಚದುರಿಕೊಂಡಿರುವ ನಮ್ಮ ಅಣ್ಣತಮ್ಮಕಿಯ ಮನೆಗಳಲ್ಲಿ ಅದರ ಪ್ರತಿಗಳು ಇನ್ನೂ ಸಿಗುತ್ತವೆ. ಕೆಲವರು ದೇವರ ಜಗಲಿಯ ಮೇಲಿಟ್ಟಿದ್ದಾರೆ, ಒಂದು ಮನೆಯಲ್ಲಿ ಟೀವಿ ಅಲುಗಾಡದಂತೆ ಅಡಿಗೆ ಕೊಟ್ಟಿದ್ದಾರೆ. ನಮ್ಮ ಮುತ್ತಜ್ಜನ ಅಪ್ಪ ಹದಿನೆಂಟು ಎಕರೆ ಎರಿ ಹೊಲದ ಒಡೆಯನಾಗಿದ್ದ, ಧಾತು ಸಂವತ್ಸರದ ಬರದಲ್ಲಿ ಅದು ಕೈಬಿಟ್ಟು ಹೋಯಿತು ಎಂದು ಅದರಲ್ಲಿದೆ. ಆತನಿಗೆ ಹದಿನೆಂಟು ಎಕರೆ ಹೋಗಲಿ, ಹದಿನೆಂಟು ಗುಂಟೆಯೂ ಇರಲಿಲ್ಲ. ಆತ ಊರಗೌಡರ ಮನೆಯ ಸಂಬಳದಾಳು. ಬರೆಯುವಾಗಲೇ ಇದು ನನಗೆ ಗೊತ್ತಿತ್ತು.

ಹೇಳಿದವಳು ನಮ್ಮತ್ತಿ, ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಅವಳ ಅಜ್ಜ, ಎಂದರೆ ನಮ್ಮ ಮುತ್ತಜ್ಜ, ಕಣ್ಣು ಕಾಣದೆ ಕೂತಿದ್ದ ಕೊನೆಯ ವರ್ಷಗಳಲ್ಲಿ ಅವನ ಚಾಕರಿ ಇವಳ ಪಾಲಿಗೆ ಬಂತು. ಮಾತಾಡಲು ಅವನಿಗೆ ಇದ್ದವಳು ಇವಳೊಬ್ಬಳೇ, ಕೇಳಲು ಇವಳಿಗೆ ಇದ್ದವನು ಅವನೊಬ್ಬನೇ. ಮುಂದೆ ನಡುವಯಸ್ಸಿನಲ್ಲಿ ಅವಳು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜಗತ್ತೇ ಹೇಳುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ದಿನವಿಡೀ ಅದರ ರಾಶಿಯ ನಡುವೆ ಕೂತವರ ಗಂಟಲನ್ನು ಕೇಳಿದರೆ ಮಾತು ಬೇರೆ. ಸಂಜೆ ಮನೆಗೆ ಬಂದು ಉರಿಯುವ ಕೈಗೆ ಎಣ್ಣೆ ಸವರಿಕೊಂಡು, ಕೆಮ್ಮುತ್ತ ಕೆಮ್ಮುತ್ತ ಹಳೆಯದನ್ನು ಹೇಳುತ್ತಿದ್ದಳು.

"ನಮ್ಮಜ್ಜನ ಅಪ್ಪ ಗೌಡ್ರ ಮನ್ಯಾಗ ಸಂಬಳಕ್ಕಿದ್ದ ತಮ್ಮಾ. ಬರ ಬಿದ್ದಾಗ ಗೌಡ್ರು ಹಗೇವು ತಗದ್ರು, ಆಳಮಕ್ಕಳಿಗೂ ಜ್ವಾಳ ಕೊಟ್ರು. ಕೊಟ್ಟಿದ್ದನ್ನೆಲ್ಲ ಬರಕೊಂಡ್ರು."

ಸಂಬಳಕ್ಕಿರುವುದೆಂದರೆ ತಿಂಗಳ ಪಗಾರವಲ್ಲ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷದ ಮಾತು. ಇಷ್ಟು ಜೋಳ, ಒಂದು ಕಂಬಳಿ, ಒಂದು ಜೊತೆ ಕೆರ, ಒಂದು ಧೋತರ, ದಿನಕ್ಕೆರಡು ಹೊತ್ತು ಊಟ. ರೊಕ್ಕ ಇದ್ದರೆ ಅದು ಮುಂಗಡವಾಗಿ ಮದುವೆಗೋ ಮಣ್ಣಿಗೋ ಮೊದಲೇ ಎತ್ತಿ ಆಗಿರುತ್ತಿತ್ತು. ಕೋಳಿ ಕೂಗುವ ಮೊದಲೇ ಎತ್ತಿಗೆ ಮೇವು ಹಾಕಬೇಕು, ಸೆಗಣಿ ಬಳಿಯಬೇಕು. ರಂಟೆ, ಕುಂಟೆ, ಕೂರಿಗೆ, ಎಡೆ ಹೊಡೆಯುವುದು, ಕಣ ಮಾಡುವುದು, ಹಂತಿ ಹೊಡೆಯುವುದು, ಬಣವಿ ಒಟ್ಟುವುದು. ರಾತ್ರಿ ಹಕ್ಕೆಯಲ್ಲಿ ದನದ ಜೊತೆ ಮಲಗುವುದು. ಮುಂಗಡ ತೀರದೆ ಯುಗಾದಿ ಬಂದರೆ ಮತ್ತೊಂದು ವರ್ಷ. ಅಪ್ಪನಿಂದ ತೀರದಿದ್ದರೆ ಮಗ ಬಂದು ನಿಲ್ಲಬೇಕು. ಸಾಲಕ್ಕೆ ಕಟ್ಟುಬಿದ್ದ ದುಡಿಮೆಯನ್ನು ಕಾನೂನು ಜೀತವೆಂದು ಕರೆದು ತೆಗೆದುಹಾಕಿದ್ದು 1976ರಲ್ಲಿ. ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, ಧಾತು ಸಂವತ್ಸರದಲ್ಲಿ, ನಮ್ಮ ಮುತ್ತಜ್ಜ ಎಂಟು ವರ್ಷದ ಹುಡುಗ.

ಆ ವರ್ಷ ಮುಂಗಾರು ಹೋಯಿತು, ಹಿಂಗಾರೂ ಹೋಯಿತು. ಸರಕಾರ ಬರಗಾಲದ ಕಾಮಗಾರಿ ತೆರೆದು ಕಲ್ಲು ಒಡೆಸಿತು, ರಸ್ತೆ ಹಾಕಿಸಿತು, ಕೆರೆ ಹೂಳೆತ್ತಿಸಿತು. ಆಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ್ದು ಇತಿಹಾಸದ ಪುಸ್ತಕಗಳಲ್ಲಿದೆ. ನಾನೇ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ, ದಿನವಿಡೀ ಕಲ್ಲು ಒಡೆದವನಿಗೆ. 1872ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನ ಸುಮಾರು 9.88 ಲಕ್ಷ ಇದ್ದದ್ದು 1881ರ ಹೊತ್ತಿಗೆ 8.82 ಲಕ್ಷಕ್ಕೆ ಇಳಿಯಿತು. ಇದನ್ನು ಕರಿಹಲಗೆಯ ಮೇಲೆ ಬರೆದು ಕಳೆಯುವ ಲೆಕ್ಕ ಮಾಡಿಸಿದ್ದೇನೆ. ಕಳೆದುಹೋದ ಆ ಒಂದು ಲಕ್ಷ ಚಿಲ್ಲರೆಯಲ್ಲಿ ಮುತ್ತಜ್ಜನ ಇಬ್ಬರು ತಂಗಿಯರೂ ಇದ್ದರು ಎಂದು ಅತ್ತಿ ಹೇಳಿದ್ದು, ತರಗತಿಯಲ್ಲಿ ನಿಂತಾಗ ನೆನಪಿಗೆ ಬರುತ್ತಿರಲಿಲ್ಲ. ಇತಿಹಾಸ ಶಾಲೆಯದು, ಅತ್ತಿಯ ಮಾತು ಮನೆಯದು.

ಬರ ಮುಗಿದ ಮೇಲೆ ಹಗೇವಿನ ಜೋಳದ ಲೆಕ್ಕ ಹಳೆಯ ಮುಂಗಡಕ್ಕೆ ಸೇರಿತು. ಹುಡುಗ ದನ ಕಾಯಲು ನಿಂತ, ಬೆಳೆದು ಕೂರಿಗೆ ಹಿಡಿದ. ಬಿಡುಗಡೆ ಮಾಡಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಅದೇ ಸಾಲಿನ ಸ್ಟೇಶನ್ನುಗಳು. ಏರಿಗೆ ಮಣ್ಣು ಹೊರುವವರಿಗೆ ಕೂಲಿ ರೊಕ್ಕದಲ್ಲೇ ಸಿಗುತ್ತಿತ್ತು. ಜೋಳದಲ್ಲಿ ತೀರದ ಸಾಲ ರೊಕ್ಕದಲ್ಲಿ ತೀರಿತು. "ರೈಲು ನಮ್ಮ ಪಾಲಿಗೆ ದೇವ್ರು ಬಂದಂಗ ಬಂತು ಅಂತಿದ್ದ ನಮ್ಮಜ್ಜ. ಒಂದಿನಾನೂ ಅದರಾಗ ಕುಂತಾಂವ ಅಲ್ಲ" ಎಂದು ಅತ್ತಿ ನಗುತ್ತಿದ್ದಳು.

ಆಮೇಲಿನದು ಸುಲಭ. ಮುತ್ತಜ್ಜನ ಮಗ, ನಮ್ಮಜ್ಜ, ಅದೇ ಗೌಡರ ಹೊಲದಲ್ಲಿ ನಾಲ್ಕು ಎಕರೆಯನ್ನು ಲಾವಣಿಗೆ ಹಿಡಿದ. ನಮ್ಮಪ್ಪ, ದೊಡ್ಡಪ್ಪ ಅದನ್ನೇ ಉತ್ತರು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಏಳನೇ ನಮೂನೆಯ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿ ಹೊಲವನ್ನು ಅವರ ಹೆಸರಿಗೆ ಮಾಡಿತು. ಉತಾರದಲ್ಲಿ ನಮ್ಮ ಮನೆತನದ ಹೆಸರು ಮೊದಲು ಬಿದ್ದದ್ದು ಆಗ. ಆ ನಾಲ್ಕು ಎಕರೆಯ ಮೇಲೆಯೇ ನಾನು ಬಿ.ಎ., ಬಿ.ಎಡ್. ಮುಗಿಸಿದೆ.

ಇಷ್ಟು ಸಾಕಾಗಿತ್ತು ಒಂದು ಪುಸ್ತಕಕ್ಕೆ. ನನಗೆ ಸಾಕಾಗಲಿಲ್ಲ. ಕಾರಣ ಹುಡುಕಿದರೆ ಹಲವು ಸಿಗುತ್ತವೆ. ಮಗಳ ಬೀಗರು ಗೌಡಕಿಯವರು, ಮಾತೆತ್ತಿದರೆ ವಾಡೆಯ ಸುದ್ದಿ. ಜೊತೆಯ ಮಾಸ್ತರೊಬ್ಬರು ತಮ್ಮ ವಂಶಕ್ಕೆ ಸವಣೂರ ನವಾಬರ ಕಾಲದ ಇನಾಮಿನ ಕಾಗದ ತೋರಿಸುತ್ತಿದ್ದರು. ಇವೆಲ್ಲ ನೆಪ. ನಿಜವೆಂದರೆ ನನಗೆ ನಾಚಿಕೆ. ಶಾಲೆಯಲ್ಲಿ ಗೌಡರ ಮನೆಯ ಹುಡುಗರಿಗೆ ಪಾಠ ಹೇಳಿ, ಸಂಜೆ ಅವರ ಓಣಿಯಲ್ಲಿ ಹಾಯುವಾಗ ಅವರ ಅಜ್ಜಂದಿರು "ಹೂಂ, ನಮ್ಮ ಆಳಿನ ಮೊಮ್ಮಗ, ಶಾಣ್ಯಾ ಅದಾನ" ಅಂದುಕೊಳ್ಳುತ್ತಿರಬಹುದು ಎಂಬ ಸಂಶಯ. ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ.

ಹಾಗಾಗಿ ಅತ್ತಿಯ ಮಾತನ್ನು ಬದಿಗಿಟ್ಟು ಕಾಗದದ ಬೆನ್ನು ಹತ್ತಿದೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನದನ್ನು ಹುಡುಕುವವನು ಧಾರವಾಡಕ್ಕೆ ಹೋಗಬೇಕು, ಇನ್ನೂ ಹಿಂದಿನದಕ್ಕೆ ಪುಣೆ, ಮುಂಬೈಯತ್ತ ಮುಖ ಮಾಡಬೇಕು. ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯವು. ಅದನ್ನು ಓದಬಲ್ಲವರನ್ನು ಹುಡುಕುವುದೇ ಒಂದು ಕೆಲಸ, ಸಿಕ್ಕವರ ಓದನ್ನು ನಂಬುವುದು ಇನ್ನೊಂದು. ನಮ್ಮ ಭಾಗ ಆಗ ಮುಂಬೈ ಪ್ರಾಂತ. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್‌ನ ಮೇಲ್ವಿಚಾರಣೆಯಲ್ಲಿ ಇಲ್ಲಿ ಸರ್ವೇ ನಡೆಯಿತು. ಮೂವತ್ಮೂರು ಅಡಿಯ ಸರಪಳಿ ಹಿಡಿದು ಅಳೆದರು. ಆ ಸರಪಳಿ ಚೌಕವೇ ನಮ್ಮ ಇಂದಿನ ಗುಂಟೆ. ಒಂದೊಂದು ಹೊಲಕ್ಕೂ ನಂಬರು ಕೊಟ್ಟು, ಮೂಲೆಗೆ ಬಾಂದಗಲ್ಲು ನೆಟ್ಟು, ಎರಿ ಎಷ್ಟು ಆಣೆ, ಮಸಾರಿ ಎಷ್ಟು ಆಣೆ ಎಂದು ಮಣ್ಣಿಗೆ ಹದಿನಾರಾಣೆಯ ಅಳತೆಯಲ್ಲಿ ಬೆಲೆ ಕಟ್ಟಿ, ಮೂವತ್ತು ವರ್ಷಕ್ಕೆ ಕಂದಾಯ ಗೊತ್ತು ಮಾಡಿದರು. ಅಚ್ಚುಕಟ್ಟು ಕೆಲಸ, ಸುಳ್ಳು ಹೇಳಬಾರದು. ಯಾವ ಹೊಲದ ಕಲ್ಲು ಎಲ್ಲಿ ಎಂಬುದು ಇವತ್ತಿಗೂ ಅದರಿಂದಲೇ ತಿಳಿಯುತ್ತದೆ. ಆದರೆ ಹೊಲದ ಎದುರು ಬರೆದದ್ದು ಕಂದಾಯ ಕಟ್ಟುವವನ ಹೆಸರು. ಉತ್ತವನು ಯಾರು ಎಂದು ಆ ಪುಸ್ತಕ ಕೇಳುವುದಿಲ್ಲ.

ಅಲ್ಲಿ ನನಗೆ ಬೇಕಾದ ಹೆಸರು ಸಿಕ್ಕಿತು. ಸಿಗದೆ ಏನು ಮಾಡೀತು? ನಮ್ಮೂರು ದೇವರಗುಡ್ಡಕ್ಕೆ ಹತ್ತಿರ. ಮಾಲತೇಶನ ಹೆಸರೋ ಮೈಲಾರನ ಹೆಸರೋ ಇಲ್ಲದ ಮನೆಯೇ ಸುತ್ತಲಿನ ಊರುಗಳಲ್ಲಿ ಇಲ್ಲ. ದಸರೆಯ ಕಾರಣಿಕಕ್ಕೆ ಸೇರಿದ ಜನರಲ್ಲಿ ಆ ಹೆಸರು ಹಿಡಿದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಹದಿನೆಂಟು ಎಕರೆಯ ಒಡೆಯನ ಹೆಸರು, ನಮ್ಮ ಮುತ್ತಜ್ಜನ ಅಪ್ಪನ ಹೆಸರು ಒಂದೇ. ತಂದೆಯ ಹೆಸರಿದ್ದ ಕಡೆ ಹುಳ ತಿಂದಿತ್ತು. ಆ ತೂತಿನಲ್ಲಿ ನಾನು ನಮ್ಮವರ ಹೆಸರು ತುಂಬಿದೆ.

ವರ್ಷ ಕೂಡಿಸಿ ನೋಡಿದ್ದರೂ ಸಾಕಿತ್ತು. 1868ರ ಸುಮಾರಿಗೆ ಮಗನನ್ನು ಹಡೆದವನು 1840ರ ದಶಕದಲ್ಲಿ ಬಹುಶಃ ತೊಟ್ಟಿಲಲ್ಲಿದ್ದ, ಕಂದಾಯ ಕಟ್ಟುವವನಾಗಿದ್ದ ಎಂದು ನಂಬುವುದು ಕಷ್ಟ. ಇಂಥ ತಪ್ಪಿಗೆ ಹುಡುಗರ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದು ಅಂಕ ಕಳೆದವನು ನಾನು.

ಎಚ್ಚರಿಸಿದವನು ಇನ್ನೊಬ್ಬನೂ ಇದ್ದ. ನಮ್ಮ ಮನೆತನದ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಗಂಟೆ ಬಾರಿಸುತ್ತ ಬರುವ ಹೆಳವರನ್ನು ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವರು ಮರೆಯುವುದಿಲ್ಲ. ಒಕ್ಕಲುತನದ ಮನೆತನಗಳ, ನಮ್ಮಂಥ ಕುರುಬರ ಮನೆತನಗಳ ಪೀಳಿಗೆಯನ್ನೆಲ್ಲ ಬಾಯಲ್ಲಿ, ಹೊತ್ತಿಗೆಯಲ್ಲಿ ಇಟ್ಟುಕೊಂಡವರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದಿರಿ, ಯಾರಿಗೆ ಎಷ್ಟು ಗಂಡುಮಕ್ಕಳು ಎಂದು ಒಂದೇ ಉಸಿರಿಗೆ ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಆತ ಓದಿದಾಗ ನಮ್ಮವರು ಗುತ್ತಲದ ಕಡೆಯಿಂದ ಈ ಊರಿಗೆ ಬಂದದ್ದು ಮುತ್ತಜ್ಜನ ಅಪ್ಪನ ಕಾಲಕ್ಕೆ ಎಂದು ಸ್ಪಷ್ಟವಾಗಿ ಬಂತು. ಸರ್ವೇ ಪುಸ್ತಕದವನು ಅದಕ್ಕೆ ಮೊದಲೇ ಈ ಊರಿನಲ್ಲಿ ಹೊಲ ಉಳ್ಳವನು. "ಹೊಂದಂಗಿಲ್ರೀ ಮಾಸ್ತರ, ಇಂವ ಬ್ಯಾರೆ" ಎಂದ ಹೆಳವ. ಬಾಯಿಮಾತಿನವನಿಗೆ ದಾಖಲೆಯ ಬೆಲೆ ಏನು ಗೊತ್ತು ಎಂದುಕೊಂಡೆ. ಅವನು ಎದುರಿಗೆ ಬಿಚ್ಚಿಟ್ಟದ್ದೂ ಒಂದು ಬರಹವೇ ಎಂಬುದು ಆಗ ಹೊಳೆಯಲಿಲ್ಲ.

ಅತ್ತಿ ಪುಸ್ತಕ ಬರುವ ಮುಂಚಿನ ವರ್ಷ ತೀರಿಕೊಂಡಳು. ನನ್ನ ಹತ್ತಿರ ಟೇಪ್‌ರೆಕಾರ್ಡರ್ ಇತ್ತು. ಅದರಲ್ಲಿರುವುದು ಶಾಲೆಯ ಗ್ಯಾದರಿಂಗ್‌ನಲ್ಲಿ ನಾನು ಮಾಡಿದ ಭಾಷಣ.

ಪುಸ್ತಕ ಅಚ್ಚಾಯಿತು. ಹಾವೇರಿ ಸೀಮೆಯವರೇ ಆದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು; ನನಗೆ ಆ ಕಷ್ಟ ಬರಲಿಲ್ಲ, ಪುಕ್ಕಟೆ ಹಂಚಿದೆ. ಅಪ್ಪ, ದೊಡ್ಡಪ್ಪ ಏಳನೇ ನಮೂನೆಯಲ್ಲಿ ಪಡೆದ ನಾಲ್ಕು ಎಕರೆಯನ್ನು ಅದರಲ್ಲಿ "ಕಳೆದುಹೋದ ಪಿತ್ರಾರ್ಜಿತದ ಒಂದು ಭಾಗ ಮರಳಿ ಬಂತು" ಎಂದು ಬರೆದೆ. ಒಂದೇ ವಾಕ್ಯ. ಅಪ್ಪ ಅಲೆದ ಕಚೇರಿಗಳು, ಅಜ್ಜ ಉತ್ತ ವರ್ಷಗಳು, ಒಂದು ಕಾನೂನು, ಅದಕ್ಕಾಗಿ ಹೋರಾಡಿದ ಜನ, ಎಲ್ಲವೂ ಆ ವಾಕ್ಯದಲ್ಲಿ ಅಳಿಸಿಹೋದವು. ಊಟದ ದಿನ ಎಲ್ಲರೂ ಹೊಗಳಿದರು. ಮುದುಕರು ಕೆಲವರು ಸುಮ್ಮನಿದ್ದರು. ಅವರಿಗೆ ಓದಲು ಬರುವುದಿಲ್ಲ, ಅದಕ್ಕೆ ಸುಮ್ಮನಿದ್ದಾರೆ ಎಂದು ತಿಳಿದೆ.

ಪುಸ್ತಕವನ್ನು ನನಗಿಂತ ಹೆಚ್ಚು ನಂಬಿದವನು ನಮ್ಮ ದೊಡ್ಡಪ್ಪನ ಮಗ. ಅವನ ಹೊಲಕ್ಕೆ ಹೊಂದಿ ಗೌಡರ ಮನೆತನದ ತುಂಡೊಂದು ಬಹಳ ವರ್ಷದಿಂದ ಬೀಳು ಬಿದ್ದಿತ್ತು. ಅವನೇ ಮುಳ್ಳುಕಂಟಿ ಕಡಿದು ಮೆಣಸಿನಗಿಡ, ಹತ್ತಿ ಹಾಕುತ್ತಿದ್ದ. ಕೇಳಿದರೆ ಅಷ್ಟಿಷ್ಟು ಕೊಡುತ್ತಿದ್ದ. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆಯ ಹೊಲಗಳಿಗೆ ಬೇಡಿಕೆ ಬಂದಾಗ ಗೌಡರ ವಾರಸುದಾರರು ಅದನ್ನು ಮಾರಲು ಹೊರಟರು. ಆ ತುಂಡು ನನ್ನ ಹದಿನೆಂಟು ಎಕರೆಯ ನಂಬರಿನೊಳಗೇ ಬರುತ್ತಿತ್ತು. ಅಣ್ಣ ಪುಸ್ತಕ ಹಿಡಿದು ವಕೀಲರ ಹತ್ತಿರ ಹೋದ. ಇದರಲ್ಲಿ ಬಲವಿಲ್ಲ ಎಂದು ವಕೀಲರು ಮೊದಲೇ ಹೇಳಿದರಂತೆ. "ನಮ್ಮ ತಮ್ಮ ಸುಳ್ಳು ಬರಿಯಾಂವಲ್ಲ. ಇತಿಹಾಸದ ಮಾಸ್ತರ ಅದಾನ" ಎಂದನಂತೆ ಇವನು.

ಆಗಲೇ ಅವನ ಮನೆಗೆ ಹೋಗಿ, ಅಣ್ಣಾ, ಅದು ಖರೇ ಅಲ್ಲ ಎಂದು ಹೇಳಬಹುದಿತ್ತು. ದಾವೆ ಹೂಡಿದ ಮೇಲೂ ಹೇಳಬಹುದಿತ್ತು. ಹೇಳಲಿಲ್ಲ. ಒಂದೊಂದು ತಾರೀಖು ಮುಂದೆ ಹೋದಾಗಲೂ ಹೇಗೋ ರಾಜಿಯಾದೀತು, ನನ್ನ ಬಾಯಿ ಬಿಡಿಸುವ ಪ್ರಸಂಗ ಬರಲಿಕ್ಕಿಲ್ಲ ಎಂದು ಕಾದೆ. ನನ್ನನ್ನೇ ಸಾಕ್ಷಿಗೆ ಕರೆದರು.

ಎದುರು ಪಕ್ಷದ ವಕೀಲರು ಮರ್ಯಾದೆಯಿಂದಲೇ ಕೇಳಿದರು. ನೀವು ಎಷ್ಟು ವರ್ಷ ಇತಿಹಾಸ ಕಲಿಸಿದ್ದೀರಿ? ಹುಳ ತಿಂದ ಕಡೆ ಇದ್ದ ಹೆಸರು ನಿಮಗೆ ಹೇಗೆ ತಿಳಿಯಿತು? ಆಮೇಲೆ, ನಿಮ್ಮ ಮುತ್ತಜ್ಜನ ತಂದೆ ನಮ್ಮ ಪಕ್ಷಕಾರರ ಹಿರಿಯರ ಮನೆಯಲ್ಲಿ ಸಂಬಳದ ಆಳಾಗಿದ್ದರು ಎಂದರೆ ಸರಿಯೇ?

ಕೋರ್ಟಿನ ಕನ್ನಡದಲ್ಲಿ ಉತ್ತರಕ್ಕೆ ಎರಡೇ ದಾರಿ. ನನ್ನ ಜಬಾನಿಯಲ್ಲಿ ಟೈಪಾಗಿರುವುದು ಹೀಗೆ: ನಮ್ಮ ಮುತ್ತಜ್ಜನ ತಂದೆ ಪ್ರತಿವಾದಿಯರ ಹಿರಿಯರ ಮನೆಯಲ್ಲಿ ಆಳಾಗಿದ್ದರು ಎಂದರೆ ಸರಿಯಲ್ಲ.

ಪ್ರಮಾಣ ಮಾಡಿ ನುಡಿದ ಮಾತು. ಕೆಳಗೆ ನನ್ನ ರುಜು ಇದೆ. ಪುಸ್ತಕದಲ್ಲಿ ಮಾಡಿದ್ದಕ್ಕೆ ಆಸೆ ಎನ್ನಬಹುದು, ಉತ್ಸಾಹ ಎನ್ನಬಹುದು. ಇದಕ್ಕೆ ಅಂಥ ಯಾವ ಹೆಸರೂ ಇಲ್ಲ. ಬರದಲ್ಲಿ ಎರಡು ಹೆಣ್ಣುಮಕ್ಕಳನ್ನು ಮಣ್ಣಿಗೆ ಹಾಕಿ, ಮಗನನ್ನು ಉಳಿಸಿಕೊಂಡ ಮನುಷ್ಯನನ್ನು, ಆ ಮಗನಿಂದ ಹುಟ್ಟಿದ ನಾನು ಎಲ್ಲರೆದುರು ಇಲ್ಲವೆಂದೆ. ಗೌಡರ ಮನೆಯವರು ಅವನನ್ನು ದುಡಿಸಿಕೊಂಡರು, ಆದರೆ ಅವನು ಇರಲೇ ಇಲ್ಲ ಎಂದು ಅವರು ಹೇಳಿರಲಿಲ್ಲ.

ಮರುತಾರೀಖಿಗೆ ಅವರು ದಾಖಲೆ ಇಟ್ಟರು. ಹಕ್ಕುದಾಖಲೆ ಶುರುವಾದ ಕಾಲದಿಂದ ಆ ನಂಬರು ಯಾರಿಂದ ಯಾರಿಗೆ ಬಂತು ಎಂಬ ವರ್ದಿಗಳು. ಹದಿನೆಂಟು ಎಕರೆಯವನ ಪೀಳಿಗೆ ಒಂದು ಕೊಂಡಿಯೂ ತಪ್ಪದೆ ಅವರ ಮನೆಗೆ ಬಂದು ಕೂಡುತ್ತಿತ್ತು. ಅದರ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಲೆಕ್ಕದ ಪುಸ್ತಕ. ದಾವೆ ಅಲ್ಲಿಗೇ ಮುಗಿದಿತ್ತು. ಅಣ್ಣ ಮೇಲ್ಮನವಿಗೂ ಹೋದ, ಅಲ್ಲೂ ಸೋತ. ಖರ್ಚಿಗೆಂದು ತನ್ನ ಪಾಲಿನ ಎರಡು ಎಕರೆಯಲ್ಲಿ ಒಂದನ್ನು ಮಾರಿದ. ಅದು ಅಪ್ಪ ಮತ್ತು ದೊಡ್ಡಪ್ಪ ಕೂಡಿ ಏಳನೇ ನಮೂನೆಯಲ್ಲಿ ಬಿಡಿಸಿಕೊಂಡ ಹೊಲ. ಈಗ ಅವನ ಮಗ ಹಂಗಾಮಿನಲ್ಲಿ ಬೇರೆಯವರ ಬೀಜದ ಹೊಲಕ್ಕೆ ಕೂಲಿಗೆ ಹೋಗುತ್ತಾನೆ.

ಎಲ್ಲ ಮುಗಿದ ಮೇಲೆ ನಾನು ಗೌಡರ ಮನೆಗೆ ಹೋದೆ. ಯಾಕೆ ಹೋದೆ ಎಂದು ಹೇಳುವುದು ಕಷ್ಟ. ಕ್ಷಮೆ ಕೇಳುವ ಧೈರ್ಯವೇನೂ ಇರಲಿಲ್ಲ. ಆ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಬೇಕು ಎಂದೆ. ಹಿರಿಯರು ಕೂಡ್ರಲು ಹೇಳಿ, ಚಹಾ ತರಿಸಿ, ಪುಸ್ತಕವನ್ನು ಮುಂದಿಟ್ಟರು. "ನಮ್ಮ ಮನೀ ಲೆಕ್ಕದಾಗ ನಿಮ್ಮಾವ್ರು ಅದಾರ ನೋಡ್ರ್ಯಪಾ ಮಾಸ್ತರ. ನಿಮ್ಮ ಪುಸ್ತಕದಾಗ ಇಲ್ಲ" ಎಂದರು. ವ್ಯಂಗ್ಯವೂ ಇರಬಹುದು, ಮರುಕವೂ ಇರಬಹುದು.

ಒಂದಕ್ಕೊಂದು ಹೊಂದಿಕೊಂಡು ಓಡುವ ಅಕ್ಷರ, ಕನ್ನಡವೇ ಆದರೂ ಮೋಡಿಯ ಚಾಳಿ ಹತ್ತಿದ್ದು. ಧಾತು ಸಂವತ್ಸರದ ಪುಟಗಳಲ್ಲಿ ಅವನ ಹೆಸರು ಮೇಲಿಂದ ಮೇಲೆ ಬರುತ್ತದೆ. ಜೋಳ. ಜೋಳ. ಮಗುವಿನ ಜಡ್ಡಿಗೆ ರೊಕ್ಕ. ಮತ್ತೆ ಜೋಳ. ಒಂದು ಕಡೆ ಕಂಬಳಿ ಎಂದು ಬರೆದು ಹೊಡೆದುಹಾಕಿದ್ದಾರೆ. ಕೊಡಲಿಲ್ಲವೋ ಕೊಟ್ಟು ಮರಳಿ ಪಡೆದರೋ. ಈಶ್ವರ ಸಂವತ್ಸರದಲ್ಲಿ ಬಾಕಿಯನ್ನು ಒಟ್ಟು ಹಾಕಿ, ಅವನ ಹೆಸರಿನ ಕೆಳಗೆ ಮಗನ ಹೆಸರು ಸೇರಿಸಿದ್ದಾರೆ. ಪಾರ್ಥಿವ ಸಂವತ್ಸರದಲ್ಲಿ, ಎಂದರೆ 1885-86ರಲ್ಲಿ, ಮಗನ ಹೆಸರಿನಲ್ಲಿ ರೊಕ್ಕ ಜಮೆ. ಅತ್ತಿ ಹೇಳಿದ ರೈಲಿನ ಮಣ್ಣಿನ ರೊಕ್ಕ. ಅವಳು ಹೇಳಿದ್ದರಲ್ಲಿ ಒಂದು ಸಂಗತಿಯೂ ಆಚೀಚೆ ಇರಲಿಲ್ಲ. ನಾನು ಹುಡುಕುತ್ತಿದ್ದ ದಾಖಲೆ ನಮ್ಮ ಓಣಿಯಿಂದ ಕೂಗಳತೆಯ ದೂರದಲ್ಲಿತ್ತು, ಹೆದರಿಕೊಂಡು ಸುತ್ತು ಹಾಕಿ ಧಾರವಾಡಕ್ಕೆ ಹೋಗಿದ್ದೆ.

ಇನ್ನೊಂದು ಸಂಗತಿ ಇತ್ತು. ಹೆಳವನ ಹೊತ್ತಿಗೆಯಲ್ಲಿ ನಾನು ಕಂಡದ್ದು ಗಂಡಸರ ಹೆಸರು. ಸರ್ವೇ ಪುಸ್ತಕದಲ್ಲಿ ಕಂದಾಯದವರ ಹೆಸರು. ಈ ಲೆಕ್ಕದಲ್ಲಿ ಮುತ್ತಜ್ಜನ ತಾಯಿಯೂ ಇದ್ದಳು, ಒಂದು ಸೀರೆ ಇಸಿದುಕೊಂಡ ಕಾರಣಕ್ಕೆ. ಅವಳ ಹೆಸರು ನಮ್ಮತ್ತಿಯ ಹೆಸರೇ. ನಮ್ಮಲ್ಲಿ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಇಡುವುದು ರೂಢಿ. ನಿನ್ನ ಹೆಸರು ಯಾರದು ಅತ್ತಿ ಎಂದು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ತಂಗಿಯ ಮಗ ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಪಕ್ಕದ ಮನೆಯ ಮುದುಕ ತನ್ನ ವಂಶವೃಕ್ಷ ಮಾಡಿದ್ದನ್ನು ಒಮ್ಮೆ ಫೋನಿನಲ್ಲಿ ತೋರಿಸಿದ. ಅವರ ಹಿರಿಯನೂ ಹೊಲದ ಕೂಲಿಯೇ, ಸುಮಾರು ನಮ್ಮವನ ವಾರಿಗೆಯವನೇ. ಅಲ್ಲಿ 1538ರಿಂದ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಡುತ್ತ ಬಂದಿದ್ದಾರೆ. 1837ರಿಂದ ಸರಕಾರವೇ ಜನನ ಮರಣ ನೋಂದಾಯಿಸುತ್ತದೆ. 1841ರಿಂದ ಜನಗಣತಿಯ ಹಾಳೆಗಳಲ್ಲಿ ಮನೆಮನೆಯ ಹೆಸರು, ವಯಸ್ಸು, ಕೆಲಸ ಎಲ್ಲ ಉಳಿದಿದೆ. ಹೊಲದ ಕೂಲಿಗಳು ಎಷ್ಟು ಜನ ಇದ್ದರೆಂದರೆ ಗಣತಿಯವರು ಆ ಕಸುಬನ್ನು 'ಆಗ್ ಲ್ಯಾಬ್' ಎಂದು ಮೊಟಕು ಮಾಡಿದರು. 1872ರಲ್ಲಿ ಅಲ್ಲಿನ ಹೊಲದ ಕೂಲಿಗಳು ಜೋಸೆಫ್ ಆರ್ಚ್ ಎಂಬ ತಮ್ಮವನೊಬ್ಬನ ಮುಂದಾಳತನದಲ್ಲಿ ಸಂಘ ಕಟ್ಟಿದರು. 1885ರಲ್ಲಿ, ನಮ್ಮ ಮುತ್ತಜ್ಜ ಮಣ್ಣು ಹೊರುತ್ತಿದ್ದಾಗ, ಆರ್ಚ್ ಪಾರ್ಲಿಮೆಂಟಿಗೆ ಆರಿಸಿಬಂದ. ಅವರನ್ನು ಆಳುತ್ತಿದ್ದ ರಾಣಿಯ ಆಳ್ವಿಕೆಯೇ ನಮ್ಮ ಮೇಲೂ ಇತ್ತು. ಇಲ್ಲಿಯೂ ಜನರನ್ನು ಎಣಿಸಿದರು, ಎಣಿಸಿ ಮುಗಿದ ಮೇಲೆ ಹೆಸರಿದ್ದ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ.

ಅಳಿಯನಿಗೆ ಅದನ್ನೆಲ್ಲ ಕಂಡು ಬಹಳ ಬೆರಗು, ಅವರು ಬಡವರನ್ನೂ ಹೇಗೆ ಗೌರವಿಸಿ ಬರೆದಿಟ್ಟಿದ್ದಾರೆ ಎಂದು. ನನಗೆ ಹಾಗೆನಿಸಲಿಲ್ಲ. ಅಲ್ಲಿ ದಿಕ್ಕಿಲ್ಲದವನ ಹೊಟ್ಟೆಗೆ ಹಾಕುವ ಹೊಣೆ ಆ ಊರಿನ ಚರ್ಚಿನ ಹೋಬಳಿಯದಾಗಿತ್ತು. ಇವನು ನಮ್ಮ ಊರಿನವನೋ ಪಕ್ಕದ ಊರಿನವನೋ, ಯಾರ ಖರ್ಚು ಎಂದು ಗೊತ್ತುಮಾಡಲು ಬಡವನನ್ನು ಕೂರಿಸಿ ಹುಟ್ಟಿದ್ದೆಲ್ಲಿ, ದುಡಿದದ್ದೆಲ್ಲಿ ಎಂದು ವಿಚಾರಣೆ ಮಾಡಿ ಬರೆದುಕೊಳ್ಳುತ್ತಿದ್ದರು. ಅವರ ಬಡವ ಖರ್ಚಿನ ಬಾಬತ್ತಿನಲ್ಲಿ ಉಳಿದ, ನಮ್ಮವನು ಸಾಲದ ಬಾಬತ್ತಿನಲ್ಲಿ ಉಳಿದ. ಕೊಟ್ಟಿದ್ದನ್ನೆಲ್ಲ ಬರಕೊಂಡ್ರು ಎಂದು ಅತ್ತಿ ಹೇಳಿದ್ದು ಎರಡೂ ಕಡೆಗೆ ಹೊಂದುತ್ತದೆ. ಆ ಮುದುಕನಿಗೂ ನನಗೂ ಇದ್ದ ವ್ಯತ್ಯಾಸ ಬೇರೆ. ಅವನು ಸಿಕ್ಕ ಹಿರಿಯನನ್ನು ಸಿಕ್ಕಂತೆಯೇ ಬರೆದುಕೊಂಡಿದ್ದ.

ಈಗ ಪುಸ್ತಕವನ್ನು ಮತ್ತೆ ಬರೆಯುತ್ತಿದ್ದೇನೆ. ಹೆಳವನನ್ನು ಕೂಡಿಸಿಕೊಂಡು ಹೆಸರುಗಳನ್ನು ತಾಳೆ ನೋಡಿದ್ದಾಯಿತು. ನನಗಿಂತ ಹಿರಿಯರಾದ ಮೂವರು ಹೆಣ್ಣುಮಕ್ಕಳು ಬೇರೆಬೇರೆ ಊರುಗಳಲ್ಲಿದ್ದಾರೆ. ಕದರಮಂಡಲಗಿಯಲ್ಲಿರುವವಳಿಗೆ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಸುದ್ದಿ ಅವಳ ಅವ್ವನಿಂದ ಬಂದಿದೆ. ಅವರ ಮಾತುಗಳನ್ನು ಈಗ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ. ಗೌಡರ ಮನೆಯ ಹಿರಿಯರು ಲೆಕ್ಕದ ಪುಟಗಳ ಫೋಟೋ ತೆಗೆದುಕೊಳ್ಳಲು ಬಿಟ್ಟರು. ಅವರ ಮೊಮ್ಮಗನೊಬ್ಬ ಮಾತ್ರ, ಜೀತ ಎಂದು ಬರೆಯಬೇಡಿರಿ ಸರ್, ನಮಗೆ ಕೆಟ್ಟ ಹೆಸರು ಎಂದ. ನಮ್ಮವರಲ್ಲೂ ಕೆಲವರ ತಕರಾರು ಅದೇ, ಹುಡುಗಿಯರ ಮದುವೆ ಆಗಬೇಕು, ಆಳಿನ ಮನೆತನ ಎಂದು ಅಚ್ಚು ಹಾಕಿಸಿದರೆ ಯಾರು ಬರುತ್ತಾರೆ ಎಂದು. ಎರಡು ಮನೆಯವರೂ ಒಂದೇ ಮಾತಿಗೆ ಬಂದಿರುವುದು ಇದೇ ಮೊದಲು.

ಅಣ್ಣನ ಹತ್ತಿರ ಕೊನೆಗೆ ಹೋದೆ. ಅವನು ಬೀಳಿನ ತುಂಡಿನ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಎಲ್ಲವನ್ನೂ ಹೇಳಿದೆ, ಕಟಕಟೆಯಲ್ಲಿ ನಾನು ಅಂದದ್ದು ಸುಳ್ಳೆಂಬುದನ್ನೂ ಸೇರಿಸಿ. ಮಾರಿದ ಎಕರೆಯ ಬಗ್ಗೆ ನನ್ನ ಪಿಂಚಣಿಯಿಂದ ಏನಾದರೂ ಮಾಡುತ್ತೇನೆ ಎಂದದ್ದಕ್ಕೆ ಅವನು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಾವೆಯ ಸಂಗತಿಯನ್ನೂ ಹೊಸ ಪುಸ್ತಕದಲ್ಲಿ ಹಾಕಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಬೇಕು ಎಂದೆ.

"ಬರಿ" ಎಂದ. "ಎಷ್ಟು ಖರ್ಚಾತು ಅನ್ನೋದೂ ಬರಿ. ವಕೀಲರ ಫೀಜಿನ ಚೀಟಿ ಎಲ್ಲಾ ಇಟ್ಟೇನಿ, ಒಯ್ಯಿ. ಈ ಸಲ ನೋಡಿ ಬರಿ ಮಾಸ್ತರ."